ಓಡುವ ಗಡಿಯಾರ

ನಾಗರಬಾವಿಯ ಯಾವುದಾದರೊಂದು ಮನೆಯ ತಾರಸಿಯ ಮೇಲೆ ನಿಂತು ಅಂಗೈ ಚಾಚಿದರೆ, ಸೆಕೆಂಡಿಗೆ ಒಂದೆರಡು ಕಣಗಳು ಅದನ್ನು ತೂರಿಕೊಂಡು ಹೋಗುತ್ತವೆ. ಅವು ಕಣ್ಣಿಗೆ ಕಾಣವು, ತಾಗಿದ್ದೂ ತಿಳಿಯದು. ಅವುಗಳ ಹೆಸರು ಮ್ಯೂಆನ್. ವಿಶ್ವಕಿರಣಗಳು ನಮ್ಮ ವಾಯುಮಂಡಲಕ್ಕೆ ಬಡಿದಾಗ, ನೆಲದಿಂದ ಸುಮಾರು 10-15 ಕಿಲೋಮೀಟರು ಎತ್ತರದಲ್ಲಿ ಅವು ಹುಟ್ಟುತ್ತವೆ.

ಇಲ್ಲೊಂದು ಒಗಟಿದೆ, ಶಾಲೆಯ ಮಕ್ಕಳೂ ಲೆಕ್ಕ ಮಾಡಿ ನೋಡಬಹುದು. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ, ಮ್ಯೂಆನಿನ ಸರಾಸರಿ ಆಯುಸ್ಸು ಅದರಲ್ಲಿ 2.2 ಪಾಲು ಮಾತ್ರ. ಅಷ್ಟರಲ್ಲಿ ಅದು ಒಡೆದು ಬೇರೆ ಕಣಗಳಾಗುತ್ತದೆ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರು ಹೋಗುವ ಬೆಳಕಿನ ವೇಗದಲ್ಲೇ ಓಡಿದರೂ ಆ ಅವಧಿಯಲ್ಲಿ ಅದು ಕ್ರಮಿಸುವ ದೂರ 660 ಮೀಟರು. ಅಂದಮೇಲೆ ಬಹುತೇಕ ಮ್ಯೂಆನುಗಳು ದಾರಿಯಲ್ಲೇ ಮುಗಿದುಹೋಗಬೇಕು. ಹಾಗಾಗದೆ ನೆಲವನ್ನು ಮುಟ್ಟುವುದು ಹೇಗೆ?

ಉತ್ತರವು ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತದಲ್ಲಿದೆ. ಓಡುವ ಗಡಿಯಾರವು ನಿಂತು ನೋಡುವವನ ಲೆಕ್ಕಕ್ಕೆ ನಿಧಾನವಾಗಿ ನಡೆಯುತ್ತದೆ. ರೈಲು, ವಿಮಾನಗಳ ವೇಗದಲ್ಲಿ ಈ ವ್ಯತ್ಯಾಸ ತೀರ ಅತ್ಯಲ್ಪ. ಬೆಳಕಿನ ವೇಗದಲ್ಲಿ 100ಕ್ಕೆ 99.8ರಷ್ಟು ವೇಗ ಬಂದರೆ, ಓಡುವ ಗಡಿಯಾರದ 1 ಸೆಕೆಂಡು ನಮಗೆ ಸುಮಾರು 16 ಸೆಕೆಂಡು. ಮ್ಯೂಆನಿನ ಆಯುಸ್ಸೂ ನಮ್ಮ ಲೆಕ್ಕಕ್ಕೆ 16 ಪಟ್ಟಾಗಿ, ಅದು 10 ಕಿಲೋಮೀಟರು ದಾಟುತ್ತದೆ.

ಒಡೆಯುವ ಕಣವೇ ಒಂದು ಗಡಿಯಾರ, ಓಡುವಾಗ ಅದು ಹೆಚ್ಚು ಕಾಲ ಬಾಳಬೇಕು ಎಂದು ಹೋಮಿ ಭಾಭಾ 1938ರಲ್ಲೇ ಸೂಚಿಸಿದ್ದರು. ಬಳಿಕ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. 1941ರಲ್ಲಿ ಅಮೆರಿಕದ ರೊಸ್ಸಿ ಮತ್ತು ಹಾಲ್ ಎತ್ತರದಲ್ಲೂ ತಗ್ಗಿನಲ್ಲೂ ಈ ಕಣಗಳನ್ನು ಎಣಿಸಿ, ವೇಗದ ಕಣಗಳ ಆಯುಸ್ಸು ದೀರ್ಘವೆಂದು ತೋರಿಸಿಕೊಟ್ಟರು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದು, ಬಂಡೆಯನ್ನೂ ತೂರಿ ಬರುವ ಮ್ಯೂಆನುಗಳನ್ನು ಅಭ್ಯಸಿಸಿದರು.

ಹಾಗಾದರೆ ವೇಗವಾಗಿ ಓಡಿದವರು ದೀರ್ಘಾಯುಷಿಗಳಾಗುವರೆ ಎಂದು ಮಕ್ಕಳು ಕೇಳಬಹುದು. ಮ್ಯೂಆನಿಗೆ ಹೆಚ್ಚಿನ ಕ್ಷಣವೇನೂ ದೊರೆತಿಲ್ಲ. ಅದರ ಸ್ವಂತ ಗಡಿಯಾರದಲ್ಲಿ ಆಯುಸ್ಸು ಅದೇ 2.2 ಪಾಲು. ಅದರ ಲೆಕ್ಕಕ್ಕೆ ವಾಯುಮಂಡಲವೇ ಕುಗ್ಗಿ, 10 ಕಿಲೋಮೀಟರಿನ ದಾರಿ ಸುಮಾರು 630 ಮೀಟರಾಗಿರುತ್ತದೆ. ನಾವು ಕಾಲ ಹಿಗ್ಗಿತೆನ್ನುತ್ತೇವೆ. ಅದು ದೂರ ಕುಗ್ಗಿತೆನ್ನುತ್ತದೆ. ಕಣ ನೆಲ ಮುಟ್ಟಿತೆಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಸಾಪೇಕ್ಷತೆಯೆಂದರೆ ಎಲ್ಲವೂ ಅವರವರ ಭಾವಕ್ಕೆ ಬಿಟ್ಟದ್ದೆಂದು ಅರ್ಥವಲ್ಲ. ಅಳತೆ ಬೇರೆಯಾದರೂ ನಡೆದ ಸಂಗತಿ ಒಂದೇ.