ಮೂರು ಗ್ರಾಂ ತೂಕದ ಅತಿಥಿಗೆ ತಕ್ಕ ಪಾತ್ರೆ

ಅಮೆರಿಕದ ಪೂರ್ವ ಪ್ರಾಂತಗಳಲ್ಲಿ ವಸಂತವು ಕಾಲಿಟ್ಟೊಡನೆ, ಹಿತ್ತಿಲ ಮರದ ಕೊಂಬೆಗೋ ಸೂರಿನ ಅಂಚಿಗೋ ಒಂದು ಪುಟ್ಟ ಪಾತ್ರೆಯನ್ನು ತೂಗುಹಾಕಿ, ಅದರಲ್ಲಿ ಸಕ್ಕರೆಯ ನೀರನ್ನು ತುಂಬಿ, ದಕ್ಷಿಣದಿಂದ ಬರಲಿರುವ ಅತಿಥಿಯೊಂದರ ದಾರಿಯನ್ನು ನೋಡುತ್ತ ಕುಳಿತುಕೊಳ್ಳುವ ಪದ್ಧತಿಯುಂಟು. ಆ ನಾಡಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿಯೂ ಇಂಥ ಪಾತ್ರೆ ತೂಗುವುದುಂಟು. ಆದರೆ ಅದನ್ನು ಕೊಳ್ಳಲು ಅಂಗಡಿಗೆ ಹೋದವರ ಎದುರಿಗೆ ಗಾಜು, ಪ್ಲಾಸ್ಟಿಕ್, ತಾಮ್ರ, ಪಿಂಗಾಣಿ ಮೊದಲಾದ ನಾನಾ ದ್ರವ್ಯಗಳ ಪಾತ್ರೆಗಳು ಸಾಲಾಗಿ ನಿಂತಿರುವುದರಿಂದ, ಇವುಗಳಲ್ಲಿ ಯಾವುದು ಆ ಹಕ್ಕಿಗೆ ಹಿತವೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಕಣ್ಣಿಗೆ ಚೆಲುವಾದುದನ್ನು ಆರಿಸಿಕೊಳ್ಳುವುದು ಸುಲಭ. ಅತಿಥಿಯ ದೇಹಧರ್ಮವನ್ನು ಅರಿತು ಆರಿಸುವುದಕ್ಕೆ ಮಾತ್ರ ತುಸು ವಿಚಾರ ಬೇಕು.

ಆ ಅತಿಥಿಯ ಹೆಸರು ಹಮ್ಮಿಂಗ್‌ಬರ್ಡ್. ರೆಕ್ಕೆಯ ಬಡಿತದಿಂದ ಹೊಮ್ಮುವ ಝೇಂಕಾರವೇ ಆ ಹೆಸರಿಗೆ ಮೂಲ. ನಮ್ಮ ದಾಸವಾಳದ ಗಿಡಕ್ಕೆ ಬರುವ ಸೂರಕ್ಕಿಯನ್ನು ಕಂಡವರಿಗೆ ಇದೂ ಅದೇ ಕುಲದ್ದೆಂದು ತೋರಬಹುದಾದರೂ ಅವೆರಡಕ್ಕೂ ಹತ್ತಿರದ ರಕ್ತಸಂಬಂಧವಿಲ್ಲ. ಮಕರಂದವನ್ನು ಕುಡಿದು ಬಾಳುವ ಒಂದೇ ವೃತ್ತಿ ಇಬ್ಬರಿಗೂ ಒಂದೇ ಬಗೆಯ ನೀಳ ಕೊಕ್ಕನ್ನು ಕೊಟ್ಟಿದೆಯಷ್ಟೆ. ಇಂದು ಅಮೆರಿಕ ಖಂಡಗಳ ಹೊರಗೆ ಎಲ್ಲಿಯೂ ಕಾಣದ ಈ ಪಕ್ಷಿಕುಲದಲ್ಲಿ ಮುನ್ನೂರೈವತ್ತಕ್ಕೂ ಮಿಕ್ಕ ಪ್ರಭೇದಗಳಿದ್ದರೂ, ಉತ್ತರ ಅಮೆರಿಕದ ಪೂರ್ವಭಾಗದಲ್ಲಿ ಗೂಡು ಕಟ್ಟಿ ಮರಿಮಾಡುವುದು ಗಂಡಿನ ಕೊರಳು ಮಾಣಿಕ್ಯದಂತೆ ಹೊಳೆಯುವ ರೂಬಿ ಥ್ರೋಟೆಡ್ ಎಂಬ ಒಂದೇ ಪ್ರಭೇದ. ಅದರ ತೂಕ ಸುಮಾರು 3 ಗ್ರಾಂ. ಅಮೆರಿಕದ ಒಂದು ಸೆಂಟ್ ನಾಣ್ಯವೇ 2.5 ಗ್ರಾಂ ತೂಗುತ್ತದೆಂದರೆ ಇದರ ಅಲ್ಪತೆಯನ್ನು ಊಹಿಸಿಕೊಳ್ಳಬಹುದು. ಹೂವಿನ ಮುಂದೆ ಗಾಳಿಯಲ್ಲಿ ನಿಶ್ಚಲವಾಗಿ ನಿಲ್ಲುವಾಗ ಸೆಕೆಂಡಿಗೆ ಸುಮಾರು ಐವತ್ತು ಸಲ ಬಡಿಯುವ ರೆಕ್ಕೆಗಳಿಗೂ, ನಿಮಿಷಕ್ಕೆ ಸಾವಿರವನ್ನು ಮೀರಿ ಮಿಡಿಯುವ ಹೃದಯಕ್ಕೂ ಎಡೆಬಿಡದೆ ಇಂಧನವನ್ನು ಒದಗಿಸಬೇಕಾದುದರಿಂದ, ಅದು ದಿನವೊಂದಕ್ಕೆ ತನ್ನ ತೂಕವನ್ನು ಮೀರಿದಷ್ಟು ಮಕರಂದವನ್ನು ಕುಡಿಯಬಲ್ಲುದು. ಅರವತ್ತು ಕಿಲೋ ತೂಕದ ಮನುಷ್ಯನು ದಿನಕ್ಕೆ ಅರವತ್ತು ಲೀಟರಿಗೂ ಹೆಚ್ಚು ಪಾನಕವನ್ನು ಒಂದೇ ಹಂಡೆಯಿಂದ ಕುಡಿಯುವಂತಾದರೆ, ಆ ಹಂಡೆ ಯಾವ ಲೋಹದ್ದು, ಅದರ ಒಳಮೈ ಹೇಗಿದೆ ಎಂದು ಅವನು ವಿಚಾರಿಸದೆ ಇರುವನೇ? ಹಕ್ಕಿಗೆ ವಿಚಾರಿಸುವ ಶಕ್ತಿಯಿಲ್ಲ. ಆ ಹೊಣೆ ಪಾತ್ರೆಯನ್ನು ತೂಗಿದವರದು.

ಅದು ಕುಡಿಯುವ ಬಗೆಯೂ ವಿಚಾರಾರ್ಹವಾದುದು. ಸಣ್ಣ ನಳಿಗೆಯಲ್ಲಿ ನೀರು ತಾನಾಗಿ ಏರುವಂತೆ ಮಕರಂದವು ನಾಲಗೆಯ ಕಾಲುವೆಗಳಲ್ಲಿ ಏರುತ್ತದೆಂದು ದೀರ್ಘಕಾಲ ನಂಬಲಾಗಿತ್ತು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಅಲೆಹಾಂದ್ರೊ ರಿಕೊ-ಗೆವಾರಾ ಮತ್ತು ಮಾರ್ಗರೆಟ್ ರುಬೇಗ ಅವರು, ಪಾರದರ್ಶಕವಾದ ಪಾತ್ರೆಗಳಿಂದ ಕುಡಿಯುತ್ತಿರುವ ಹಕ್ಕಿಗಳನ್ನು ಅತಿವೇಗದ ಕ್ಯಾಮರಾಗಳಿಂದ ಚಿತ್ರಿಸಿ, ಸೀಳಿದ ನಾಲಗೆಯ ತುದಿ ದ್ರವದೊಳಗೆ ಬಿಚ್ಚಿಕೊಂಡು, ಹಿಂದಕ್ಕೆ ಸರಿಯುವಾಗ ಸುರುಳಿಗೊಂಡು ದ್ರವವನ್ನು ಹಿಡಿದುಕೊಳ್ಳುತ್ತದೆಂಬುದನ್ನು 2011ರಲ್ಲಿ ತೋರಿಸಿಕೊಟ್ಟರು. ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಒಳಹೊಕ್ಕು ಹೊರಬರುವ ಈ ಸೂಕ್ಷ್ಮವಾದ ಅಂಗ ಪಾತ್ರೆಯಲ್ಲಿರುವ ಎಲ್ಲವನ್ನೂ ಮುಟ್ಟುತ್ತದೆ: ಸಿಹಿಯನ್ನೂ, ಸಿಹಿಯಲ್ಲಿ ಬೆರೆತ ಬೇರೆಯದನ್ನೂ.

ಮನುಷ್ಯನು ಈ ಹಕ್ಕಿಗೆ ಪಾತ್ರೆಯನ್ನು ಒಡ್ಡಿದ ಚರಿತ್ರೆ ಗಾಜಿನಿಂದಲೇ ಆರಂಭವಾದುದು. ಪುಟ್ಟ ಗಾಜಿನ ಸೀಸೆಗಳಿಂದ ಹಮ್ಮಿಂಗ್‌ಬರ್ಡುಗಳಿಗೆ ಉಣಿಸಿದ ವೃತ್ತಾಂತವೊಂದು 1928ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಪ್ರಕಟವಾಯಿತು. ನ್ಯೂ ಹ್ಯಾಂಪ್‌ಷೈರಿನ ಹೋಲ್ಡರ್ನೆಸ್ ಎಂಬ ಊರಿನ ಲಾರೆನ್ಸ್ ವೆಬ್‌ಸ್ಟರ್ ತಮ್ಮ ಪತ್ನಿಗಾಗಿ ಗಾಜಿನ ಪಾತ್ರೆಗಳನ್ನು ಊದಿಸಿ ಮಾಡಿಸಿದರು. ಮಿಂಚಿನ ದೀಪದ ಬೆಳಕಿನಲ್ಲಿ ಕ್ಷಣದ ಸಾವಿರ ಸಾವಿರ ಪಾಲನ್ನು ಹಿಡಿದಿಡುವ ಛಾಯಾಗ್ರಹಣಕ್ಕೆ ಹೆಸರಾದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಹೆರಾಲ್ಡ್ ಎಜರ್ಟನ್ ಅವರ ಹಮ್ಮಿಂಗ್‌ಬರ್ಡ್ ಚಿತ್ರಗಳು 1947ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಮೇಲೆ ಜನರ ಕುತೂಹಲ ಬೆಳೆಯಿತು; 1950ರ ಸುಮಾರಿಗೆ ಇಂಥ ಪಾತ್ರೆಗಳು ಮಾರುಕಟ್ಟೆಗೆ ಬಂದವು. ಪ್ಲಾಸ್ಟಿಕ್ಕಿನ ಯುಗ ಅಲ್ಲಿಂದೀಚೆಗೆ ಬೆಳೆದುದು.

ದ್ರವ್ಯದ ಆಯ್ಕೆಗೆ ಮೊದಲು ಆ ದ್ರವ್ಯವು ಹೊರಬೇಕಾದ ದ್ರವದ ಸ್ವಭಾವವನ್ನು ತಿಳಿಯುವುದು ಯುಕ್ತ. ಒಂದು ಅಳತೆ ಬಿಳಿಯ ಸಕ್ಕರೆಗೆ ನಾಲ್ಕು ಅಳತೆ ನೀರು, ಇಷ್ಟೇ ಇದರ ಪಾಕ. ಬೆಲ್ಲವೂ ಜೇನೂ ಸಕ್ಕರೆಗಿಂತ ಶ್ರೇಷ್ಠವೆಂದು ಬಗೆಯುವ ನಮ್ಮವರಿಗೆ ಈ ಮಾತು ವಿಚಿತ್ರವಾಗಿ ಕಂಡೀತು. ಆದರೆ ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಹಕ್ಕಿಗೆ ಹಾನಿಕರ, ನೀರು ಬೆರೆತ ಜೇನಿನಲ್ಲಿ ಬೂಷ್ಟು ಬೇಗನೆ ಬೆಳೆಯುತ್ತದೆ. ಶುದ್ಧವಾದ ಸಕ್ಕರೆಯ ನೀರೂ ಚಿರಕಾಲ ಶುದ್ಧವಾಗಿ ಉಳಿಯುವುದಿಲ್ಲ. ಗಾಳಿಯಿಂದಲೂ ಹಕ್ಕಿಯ ಕೊಕ್ಕಿನಿಂದಲೂ ಬಂದು ಸೇರುವ ಯೀಸ್ಟು ಮತ್ತು ಬ್ಯಾಕ್ಟೀರಿಯಗಳು ಬೇಸಗೆಯ ಬಿಸಿಯಲ್ಲಿ ಎರಡು ಮೂರು ದಿನಗಳೊಳಗೆ ಅದನ್ನು ಹುದುಗಿಸಿ ಹುಳಿಯಾಗಿಸುತ್ತವೆ. ಹುಳಿಯಾದ ದ್ರವವು ಪಾತ್ರೆಯ ಮೈಯನ್ನು ಕರಗಿಸಲೂಬಹುದು. ಸೂಕ್ಷ್ಮಜೀವಿಗಳು ಆ ಮೈಗೆ ಲೋಳೆಯಾಗಿ ಅಂಟಿಕೊಳ್ಳುತ್ತವೆ. ಆದುದರಿಂದ ಯಾವ ದ್ರವ್ಯವನ್ನಾದರೂ ಎರಡು ಪ್ರಶ್ನೆಗಳಿಂದ ಪರೀಕ್ಷಿಸಬೇಕು: ಇದು ತನ್ನಿಂದ ದ್ರವಕ್ಕೆ ಏನನ್ನು ಬಿಟ್ಟುಕೊಡುತ್ತದೆ, ಮತ್ತು ದ್ರವದಿಂದ ಏನನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆ? ಈ ವಿವೇಕ ನಮ್ಮ ಅಡುಗೆಮನೆಗೆ ಹೊಸದಲ್ಲ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಹುಳಿಯನ್ನು ಕುದಿಸಬಾರದು, ತಾಮ್ರದ ಚೊಂಬಿನಲ್ಲಿ ಮೊಸರನ್ನು ಇಡಬಾರದು, ಉಪ್ಪಿನಕಾಯಿಗೆ ಪಿಂಗಾಣಿಯ ಭರಣಿಯೇ ಆಗಬೇಕು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಮಾತಿನಲ್ಲಿ ಈ ಎರಡು ಪ್ರಶ್ನೆಗಳಿಗೂ ಉತ್ತರವಿತ್ತು.

ಈ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಾಜಿಗೆ ಸಲ್ಲುತ್ತದೆ. ಅದರ ಮೈಯಲ್ಲಿ ರಂಧ್ರಗಳಿಲ್ಲ. ಸಕ್ಕರೆಯ ನೀರು ಹುಳಿಯಾದರೂ ಅದನ್ನು ಕೆಡಿಸಲಾರದು. ಎಷ್ಟು ವರ್ಷ ಬಿಸಿಲಿನಲ್ಲಿ ನಿಂತರೂ ಅದು ಹಳದಿಗಟ್ಟುವುದಿಲ್ಲ. ಕುಂಚದಿಂದ ಉಜ್ಜಿದರೆ ಗೀರು ಬೀಳುವುದಿಲ್ಲ. ಒಳಗಿನ ದ್ರವ ಮಬ್ಬಾದುದನ್ನು ಹೊರಗಿನಿಂದಲೇ ಕಂಡುಹಿಡಿಯಬಹುದೆಂಬುದು ಇನ್ನೊಂದು ಉಪಕಾರ. ಅದರ ದೌರ್ಬಲ್ಯ ಪೆಡಸುತನ. ಸೀಸೆಗಳಿಗೆ ಬಳಸುವ ಸಾಮಾನ್ಯ ಗಾಜು ಬಿಸಿಗೆ ಹೆಚ್ಚಾಗಿ ಹಿಗ್ಗುವುದರಿಂದ, ತಣ್ಣಗಿರುವಾಗ ಕುದಿನೀರನ್ನು ಸುರಿದರೆ ಒಳಮೈ ಹಿಗ್ಗಿ ಹೊರಮೈ ಹಿಗ್ಗದೆ ಬಿರಿಯುತ್ತದೆ; ಅದರ ಮೂರನೆಯ ಒಂದು ಪಾಲಿನಷ್ಟೇ ಹಿಗ್ಗುವ ಬೋರೋಸಿಲಿಕೇಟ್ ಗಾಜು ಈ ಪೆಟ್ಟನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಪಶ್ಚಿಮ ಕರಾವಳಿಯಲ್ಲಿ ಚಳಿಗಾಲದಲ್ಲಿಯೂ ಊರು ಬಿಡದೆ ಇರುವ ಆ್ಯನಾ ಎಂಬ ಪ್ರಭೇದಕ್ಕೆ ಉಣಿಸುವವರು ಇನ್ನೊಂದು ವಿಷಯವನ್ನು ನೆನಪಿನಲ್ಲಿಡಬೇಕು. ಸಕ್ಕರೆ ಬೆರೆತ ನೀರು ಸೊನ್ನೆಗಿಂತ ಒಂದು ಡಿಗ್ರಿಯಷ್ಟು ಕೆಳಗೆ ಹೆಪ್ಪುಗಟ್ಟತೊಡಗಿ, ಹೆಪ್ಪುಗಟ್ಟುವಾಗ ಹಿಗ್ಗಿ, ತುಂಬಿದ ಗಾಜನ್ನು ಸೀಳಿಬಿಡುತ್ತದೆ. ಆದುದರಿಂದ ಕಡು ಚಳಿಯ ರಾತ್ರಿಗಳಲ್ಲಿ ಪಾತ್ರೆಯನ್ನು ಒಳಗೆ ತಂದಿಡುವುದು ಲೇಸು.

ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ; ಭಿನ್ನ ಸ್ವಭಾವದ ಅನೇಕ ವಸ್ತುಗಳಿಗೆ ನಾವು ಕೊಟ್ಟಿರುವ ಒಂದೇ ಹೆಸರು. ಪಾಲಿಕಾರ್ಬೊನೇಟ್ ಕೈಜಾರಿ ಬಿದ್ದರೂ ಒಡೆಯದಷ್ಟು ಗಟ್ಟಿ, 140 ಡಿಗ್ರಿಯ ಬಿಸಿಗೂ ಮೆತ್ತಗಾಗದು. ಆದರೆ ಬಿಸಿಯಾದ ಕ್ಷಾರದ್ರವವು ಅದರ ಅಣುಸರಪಣಿಯನ್ನು ಕಡಿದು ಬಿಸ್ಫಿನಾಲ್-ಎ ಎಂಬ ಘಟಕವನ್ನು ಬಿಡುಗಡೆ ಮಾಡುತ್ತದೆ. ಅಕ್ರಿಲಿಕ್ ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಆದರೆ ಬಲು ಬೇಗ ಗೀರುಬೀಳುತ್ತದೆ. ಅಗ್ಗದ ಪಾಲಿಸ್ಟೈರೀನ್ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಸಿಕ್ಕಿ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಪಾನೀಯದ ಬಾಟಲಿಗಳಿಗೆ ಬಳಸುವ ಪೆಟ್ ಸುಮಾರು 70 ಡಿಗ್ರಿಯಲ್ಲಿಯೇ ಮೆತ್ತಗಾಗುವುದರಿಂದ ಕುದಿನೀರಿನಿಂದ ತೊಳೆಯಲಿಕ್ಕೆ ಬಾರದು. ಇವೆಲ್ಲಕ್ಕೂ ಸಮಾನವಾದ ದೋಷವೊಂದುಂಟು: ತಿಕ್ಕಿದಷ್ಟೂ ಮೈಯಲ್ಲಿ ಕಣ್ಣಿಗೆ ಕಾಣದ ಗೀರುಗಳು ಹೆಚ್ಚುತ್ತವೆ, ಆ ಗೀರುಗಳೇ ಸೂಕ್ಷ್ಮಜೀವಿಗಳಿಗೆ ಕೋಟೆಗಳಾಗುತ್ತವೆ. ಇಷ್ಟಾದರೂ ಹಗುರತೆ ಮತ್ತು ಕಡಮೆ ಬೆಲೆ ಪ್ಲಾಸ್ಟಿಕ್ಕಿಗಿರುವ ನಿಜವಾದ ಗುಣಗಳು. ಅದನ್ನು ಆರಿಸಿಕೊಂಡವರು ಒರಟು ಕುಂಚವನ್ನು ಬಿಟ್ಟು ಮೆತ್ತನೆಯದನ್ನು ಬಳಸಿ, ಮೈ ಮಬ್ಬಾದೊಡನೆ ಹಿಂಜರಿಯದೆ ಹೊಸದನ್ನು ತಂದರೆ ಹಕ್ಕಿಗೆ ಕೇಡಿಲ್ಲ.

ಲೋಹಗಳ ವಿಷಯದಲ್ಲಿ ಅಜ್ಜಿಯರ ಎಚ್ಚರಿಕೆ ಅಕ್ಷರಶಃ ಅನ್ವಯಿಸುತ್ತದೆ. ತಾಮ್ರದ ಪಾತ್ರೆ ಬಿಸಿಲಿನಲ್ಲಿ ಹೊಂಬಣ್ಣವಾಗಿ ಹೊಳೆಯುವಾಗ ಅತ್ಯಂತ ರಮಣೀಯವಾಗಿರುತ್ತದೆಂಬುದು ನಿಜವೇ. ಆದರೆ ಒಳಗಿನ ದ್ರವ ಹುಳಿಯಾದಂತೆ ತಾಮ್ರ ಕರಗಿ ಕಿಲುಬಾಗುತ್ತದೆ. ನಮ್ಮ ಹೊಟ್ಟೆಯನ್ನೇ ಕೆಡಿಸಬಲ್ಲ ಕಿಲುಬು ಮೂರು ಗ್ರಾಂ ದೇಹವನ್ನು ಏನು ಮಾಡೀತೆಂಬುದನ್ನು ಪರೀಕ್ಷಿಸಿ ನೋಡುವ ಅಗತ್ಯವಿಲ್ಲ. ತಾಮ್ರವು ಮೇಲಿನ ಛತ್ರಿಯಾಗಿಯೋ ತೂಗುವ ಕೊಂಡಿಯಾಗಿಯೋ ಇರಲಿ. ಮಕರಂದ ಮುಟ್ಟುವೆಡೆಯಲ್ಲಿ ಬೇಡ. ಸತುವಿನ ಲೇಪವುಳ್ಳ ತಗಡಿಗೂ, ಸೀಸ ಬೆರೆತ ಬೆಸುಗೆಗೂ ಇದೇ ನಿಷೇಧ. ದ್ರವವನ್ನು ಮುಟ್ಟಬಹುದಾದ ಲೋಹ ಸ್ಟೇನ್‌ಲೆಸ್ ಸ್ಟೀಲ್ ಒಂದೇ. ಅದರಲ್ಲಿ ಸುಮಾರು ಶೇಕಡಾ 18ರಷ್ಟಿರುವ ಕ್ರೋಮಿಯಂ ಗಾಳಿಯೊಡನೆ ಕೂಡಿ ಅತಿ ತೆಳುವಾದ ರಕ್ಷಾಕವಚವನ್ನು ತಾನೇ ಹೊದೆದುಕೊಳ್ಳುತ್ತದೆ, ಗೀರಿದರೂ ಆ ಕವಚ ಮತ್ತೆ ಕೂಡಿಕೊಳ್ಳುತ್ತದೆ.

ಪಿಂಗಾಣಿಯೂ ಮಣ್ಣಿನ ಪಾತ್ರೆಯೂ ಮೆರುಗಿನ ಗುಣವನ್ನು ಅವಲಂಬಿಸಿವೆ. ಮೆರುಗಿಲ್ಲದ ಮಣ್ಣು ಸಕ್ಕರೆಯನ್ನು ರಂಧ್ರರಂಧ್ರಗಳಲ್ಲಿ ಹೀರಿಕೊಂಡು ಬೂಷ್ಟಿಗೆ ಉಗ್ರಾಣವಾಗುತ್ತದೆ. ಮೆರುಗಿದ್ದರೂ ಅದರಲ್ಲಿ ಸೀಸವೋ, ಕೆಂಪು ಬಣ್ಣಕ್ಕಾಗಿ ಕ್ಯಾಡ್ಮಿಯಮ್ಮೋ ಇದ್ದು, ಹದವಾಗಿ ಸುಟ್ಟಿರದಿದ್ದರೆ ಹುಳಿಗೆ ಕರಗುವ ಭಯವುಂಟು. ಇಲ್ಲಿಯೇ ಕೆಂಪಿನ ಮಾತನ್ನೂ ಹೇಳಬೇಕು. ಈ ಹಕ್ಕಿಗಳು ಕೆಂಪಿನತ್ತ ಬೇಗ ಸೆಳೆಯಲ್ಪಡುತ್ತವೆಂಬುದು ಅನುಭವಸಿದ್ಧವಾದುದು. ಆದರೆ ಆ ಕೆಂಪು ಪಾತ್ರೆಯ ತಳದ ಪ್ಲಾಸ್ಟಿಕ್ಕಿನಲ್ಲಿಯೋ ಬಣ್ಣದ ಗಾಜಿನಲ್ಲಿಯೋ ಹಾಸುಹೊಕ್ಕಾಗಿದ್ದರೆ ಸಾಕು. ಮೇಲೆ ಬಳಿದ ಬಣ್ಣ ಚಕ್ಕೆಚಕ್ಕೆಯಾಗಿ ದ್ರವಕ್ಕೆ ಉದುರುತ್ತದೆ. ದ್ರವಕ್ಕೇ ಕೆಂಪು ಬಣ್ಣವನ್ನು ಕಲಸುವುದಂತೂ ಅನಾವಶ್ಯಕವೂ ಅನುಚಿತವೂ ಆದುದು, ಏಕೆಂದರೆ ಹೂವಿನ ಮಕರಂದಕ್ಕೆ ಸಾಮಾನ್ಯವಾಗಿ ಬಣ್ಣವೇ ಇಲ್ಲ. ಕಿಂಡಿಯ ಸುತ್ತ ಹಳದಿಯ ಕೃತಕ ಪುಷ್ಪಗಳನ್ನು ಜೋಡಿಸಿದ ಪಾತ್ರೆಗಳನ್ನೂ ಬಿಡುವುದು ಒಳ್ಳೆಯದು. ಹಳದಿಯು ಕಣಜಗಳನ್ನು ಕರೆಯುವ ಬಣ್ಣ.

ಪಾತ್ರೆಯ ಆಕಾರವೂ ದ್ರವ್ಯದೊಡನೆ ಕೂಡಿಯೇ ಕೆಲಸ ಮಾಡುತ್ತದೆ. ತಲೆಕೆಳಗಾಗಿ ತೂಗುವ ಸೀಸೆಯಲ್ಲಿ ದ್ರವ ಸುರಿದುಹೋಗದೆ ನಿಲ್ಲುವುದು ಹೊರಗಿನ ಗಾಳಿಯ ಒತ್ತಡದಿಂದ. ಮುಂಜಾನೆ 20 ಡಿಗ್ರಿಯಲ್ಲಿದ್ದ ಸೀಸೆ ಮಧ್ಯಾಹ್ನದ ಬಿಸಿಲಿಗೆ 40 ಡಿಗ್ರಿಯಾದರೆ ಒಳಗೆ ಸಿಕ್ಕಿಕೊಂಡಿರುವ ಗಾಳಿ ಶೇಕಡಾ 7ರಷ್ಟು ಹಿಗ್ಗಿ ದ್ರವವನ್ನು ಹೊರಗೆ ತಳ್ಳುತ್ತದೆ. ತೊಟ್ಟಿಕ್ಕಿದ ಸಿಹಿಗೆ ಇರುವೆಯೂ ಜೇನ್ನೊಣವೂ ಮುತ್ತಿಕೊಳ್ಳುತ್ತವೆ. ಬಿರಡೆಯ ರಬ್ಬರು ಬಿಸಿಲಿಗೆ ಗಡುಸಾಗಿ ಸೀಳಿದರೆ ಗಾಳಿ ಒಳನುಗ್ಗಿ ಸೋರಿಕೆ ಇನ್ನೂ ಹೆಚ್ಚುವುದರಿಂದ ರಬ್ಬರಿಗಿಂತ ಸಿಲಿಕೋನ್ ಬಿರಡೆ ಮೇಲು. ಅಗಲವಾದ ತಟ್ಟೆಯಂಥ ಪಾತ್ರೆಯಲ್ಲಿ ದ್ರವ ಕೆಳಗೂ ಕಿಂಡಿ ಮೇಲೂ ಇರುವುದರಿಂದ ಈ ತೊಂದರೆಯಿಲ್ಲ. ಮುಚ್ಚಳವನ್ನು ತೆಗೆದೊಡನೆ ಇಡೀ ಒಳಮೈ ಕೈಗೆ ಸಿಕ್ಕುತ್ತದೆ. ಇರುವೆಗಳಿಗೆ ತೂಗುವ ತಂತಿಯ ಮೇಲೆ ನೀರು ತುಂಬಿದ ಚಿಕ್ಕ ಬಟ್ಟಲೇ ಸಾಕಾದ ಅಡ್ಡಿ. ಎಣ್ಣೆ, ವ್ಯಾಸಲೀನುಗಳನ್ನು ಬಳಿಯಬಾರದು. ಗರಿಗೆ ಅಂಟಿದ ಜಿಡ್ಡನ್ನು ಆ ಹಕ್ಕಿ ತೊಳೆದುಕೊಳ್ಳಲಾರದು.

ಇಷ್ಟನ್ನೆಲ್ಲ ತೂಗಿನೋಡಿದರೆ ದ್ರವ್ಯದ ಶ್ರೇಷ್ಠತೆ ಅದರ ಬೆಲೆಯಲ್ಲಿಯೂ ಇಲ್ಲ, ಹೊಳಪಿನಲ್ಲಿಯೂ ಇಲ್ಲ. ಅದು ತೊಳೆಯುವ ಕೈಗೆ ಎಷ್ಟರಮಟ್ಟಿಗೆ ಒಡ್ಡಿಕೊಳ್ಳುತ್ತದೆಂಬುದರಲ್ಲಿದೆ. ಬೇಸಗೆಯಲ್ಲಿ ಎರಡು ಮೂರು ದಿನಗಳಿಗೊಮ್ಮೆ ಹಳೆಯದನ್ನು ಚೆಲ್ಲಿ, ಬಿಸಿನೀರು ಮತ್ತು ಕುಂಚದಿಂದ ಉಜ್ಜಿ, ಕಲೆ ಕಂಡರೆ ವಿನಿಗರಿನಿಂದ ತೊಳೆದು, ಚೆನ್ನಾಗಿ ಜಾಲಿಸಿ ಹೊಸದನ್ನು ತುಂಬುವ ಮನೆಯಲ್ಲಿ ಸಾಧಾರಣವಾದ ಪಾತ್ರೆಯೂ ಹಕ್ಕಿಗೆ ಅಮೃತಪಾತ್ರೆಯಾಗುತ್ತದೆ. ಕೈಹೋಗದ ಮೂಲೆಗಳುಳ್ಳ ಪಾತ್ರೆ ಗಾಜಿನದಾದರೂ ವ್ಯರ್ಥವೇ.

ಬೇಸಗೆ ಕಳೆದು ಶರತ್ಕಾಲ ಸಮೀಪಿಸುತ್ತಿದ್ದಂತೆ ರೂಬಿ ಥ್ರೋಟೆಡ್ ಹಕ್ಕಿ ಹಗಲೆಲ್ಲ ಕುಡಿಯುತ್ತದೆ. ಕುಡಿದ ಸಕ್ಕರೆ ದೇಹದಲ್ಲಿ ಕೊಬ್ಬಾಗಿ ಕೂಡಿಕೊಂಡು, ಮೂರು ಗ್ರಾಂ ತೂಕ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಅನಂತರ ಅವುಗಳಲ್ಲಿ ಅನೇಕವು ಮೆಕ್ಸಿಕೋ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರಿನ ಮೇಲೆ, ಇಳಿಯಲು ಎಡೆಯಿಲ್ಲದ ದಾರಿಯನ್ನು ಒಂದೇ ಹಾರಾಟದಲ್ಲಿ ದಾಟುತ್ತವೆ. ಆ ಸಾಗರದ ನಡುವೆ ರೆಕ್ಕೆಗೆ ಆಧಾರವಾಗಿ ಉರಿಯುವ ಕೊಬ್ಬಿನಲ್ಲಿ ಉತ್ತರದ ಯಾವುದೋ ಹಿತ್ತಿಲಿನಲ್ಲಿ ಯಾರೋ ತೊಳೆದು ತುಂಬಿಟ್ಟ ಪಾತ್ರೆಯ ಪಾಲೂ ಇರುತ್ತದೆ. ಪಾತ್ರೆಯನ್ನು ಆರಿಸುವವರು ಆ ಹಾರಾಟವನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಲಿ.