ರಂಗಕ್ಕೆ ಬಂದ ಸುಲ್ತಾನ

ಮಕ್ಕಳೇ, ಶಾಲೆಯ ವಾರ್ಷಿಕೋತ್ಸವದಲ್ಲಿ ತಿರುಪ್ಪೂರು ಕುಮರನ್ ಅವರ ಕಥೆಯನ್ನು ನಾಟಕವಾಗಿ ಆಡುವುದನ್ನು ನೀವು ನೋಡಿರಬಹುದು. 1932ರ ಜನವರಿಯಲ್ಲಿ ತಿರುಪ್ಪೂರಿನ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದ ಕುಮರನ್, ಪೊಲೀಸರ ಲಾಠಿ ಏಟಿಗೆ ನೆಲಕ್ಕುರುಳಿದರೂ ಕೈಯಲ್ಲಿದ್ದ ಬಾವುಟವನ್ನು ಬಿಡಲಿಲ್ಲ. ಮರುದಿನ ಪ್ರಾಣಬಿಟ್ಟರು. ನಾಟಕದಲ್ಲಿ ಏಟು ತಿಂದು ಬೀಳುವ ಹುಡುಗ ಪರದೆ ಇಳಿದೊಡನೆ ಎದ್ದು ನಗುತ್ತಾನೆ. ಆದರೆ ಕುಮರನ್ ಬದುಕಿದ್ದ ಕಾಲದಲ್ಲಿ ಇಂತಹ ನಾಟಕ ಆಡುವುದು ಸುಲಭವಾಗಿರಲಿಲ್ಲ.

ಬ್ರಿಟಿಷ್ ಸರಕಾರವು 1876ರಲ್ಲಿ ನಾಟಕ ಪ್ರದರ್ಶನ ಕಾಯಿದೆಯನ್ನು ತಂದಿತ್ತು. ಜನರನ್ನು ಸರಕಾರದ ವಿರುದ್ಧ ಕೆರಳಿಸುತ್ತದೆ ಎಂದು ತೋರಿದ ನಾಟಕವನ್ನು ಅಧಿಕಾರಿಗಳು ನಿಲ್ಲಿಸಬಹುದಾಗಿತ್ತು. ಆಡಿದವರಿಗೆ ಸೆರೆಮನೆ ಇಲ್ಲವೇ ದಂಡ. ಅಷ್ಟೇ ಅಲ್ಲ, ತಡೆ ಇದೆಯೆಂದು ತಿಳಿದೂ ನೋಡಲು ಕುಳಿತವರಿಗೂ ಶಿಕ್ಷೆ! ಈ ಕಾಯಿದೆ ರದ್ದಾದದ್ದು 2018ರಲ್ಲಿ.

ನಾಟಕಕಾರರು ಒಂದು ಉಪಾಯ ಹುಡುಕಿದರು. ಇಂದಿನ ದೊರೆಯನ್ನು ನೇರವಾಗಿ ಪ್ರಶ್ನಿಸಲು ಆಗದಿದ್ದರೆ, ದೂರದ ಅಥವಾ ಹಿಂದಿನ ದೊರೆಯ ಕಥೆ ಹೇಳುವುದು. ವೆ. ಸಾಮಿನಾಥ ಶರ್ಮ ಎಂಬ ತಮಿಳು ಲೇಖಕರು 'ಬಾಣಪುರತ್ತು ವೀರನ್' ಎಂಬ ನಾಟಕ ಬರೆದರು. ಇಂಗ್ಲೆಂಡಿನ ವಿರುದ್ಧ ಹೋರಾಡಿದ ಸ್ಕಾಟ್ಲೆಂಡಿನ ಕಥೆಯೇ ಅದಕ್ಕೆ ಆಧಾರ. ಸರಕಾರಕ್ಕೆ ಗುಟ್ಟು ತಿಳಿಯಿತು, ನಾಟಕಕ್ಕೆ ತಡೆ ಬಿತ್ತು. ಮುಂದೆ ಟಿ.ಕೆ.ಎಸ್. ಸಹೋದರರು ಅದನ್ನೇ 'ದೇಶಭಕ್ತಿ' ಎಂಬ ಬೇರೆ ಹೆಸರಿನಲ್ಲಿ ಆಡಿದರು.

1947ರಲ್ಲಿ ಸ್ವಾತಂತ್ರ್ಯ ಬಂದಿತು. ಆಳುವವರು ನಮ್ಮವರೇ ಆದರು. ಇನ್ನು ಕೇಳಲು ಪ್ರಶ್ನೆಗಳಿರಲಿಲ್ಲವೇ? ಇದ್ದವು. ಮದರಾಸಿನ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಗಿರೀಶ ಕಾರ್ನಾಡ ಎಂಬ ತರುಣರು ಕನ್ನಡದಲ್ಲಿ 'ತುಘಲಕ್' ನಾಟಕ ಬರೆದರು. ಅದು 1964ರಲ್ಲಿ ಪ್ರಕಟವಾಯಿತು.

ಮುಹಮ್ಮದ್ ಬಿನ್ ತುಘಲಕ್ 1325ರಿಂದ 1351ರವರೆಗೆ ದಿಲ್ಲಿಯನ್ನು ಆಳಿದ ಸುಲ್ತಾನ. ಬಹಳ ಓದಿದವನು, ದೊಡ್ಡ ಕನಸುಗಳನ್ನು ಕಂಡವನು. ರಾಜಧಾನಿಯನ್ನು ದಿಲ್ಲಿಯಿಂದ ದೂರದ ದೌಲತಾಬಾದಿಗೆ ಸಾಗಿಸಿದ. ಬೆಳ್ಳಿ ನಾಣ್ಯದ ಬೆಲೆಯನ್ನೇ ತಾಮ್ರದ ನಾಣ್ಯಕ್ಕೂ ಕೊಟ್ಟ. ಜನ ಸುಮ್ಮನಿದ್ದಾರೆಯೇ? ಮನೆಮನೆಗಳಲ್ಲಿ ತಾಮ್ರದ ನಾಣ್ಯ ಅಚ್ಚಾದವು. ಕೊನೆಗೆ ಸುಲ್ತಾನನು ಅವನ್ನೆಲ್ಲ ಹಿಂದಕ್ಕೆ ಪಡೆದು, ಬೊಕ್ಕಸದಿಂದ ಬೆಳ್ಳಿ ಬಂಗಾರ ಕೊಡಬೇಕಾಯಿತು. ಇವೆಲ್ಲ ಇತಿಹಾಸದಲ್ಲಿ ಇರುವ ಸಂಗತಿಗಳು. ಈ ಸುಲ್ತಾನನ ಕಾಲದ ಇತಿಹಾಸಕಾರ ಬರನಿಯೂ ನಾಟಕದಲ್ಲಿ ಒಂದು ಪಾತ್ರವಾಗಿದ್ದಾನೆ.

ಆದರೆ ಅಗಸರ ಅಜೀಜ ಕಾರ್ನಾಡರ ಕಲ್ಪನೆಯಲ್ಲಿ ಹುಟ್ಟಿದವನು. ತಪ್ಪು ಮಾಡಿದರೆ ತನ್ನ ಮೇಲೂ ಯಾರು ಬೇಕಾದರೂ ನ್ಯಾಯಾಲಯದಲ್ಲಿ ದೂರು ಕೊಡಬಹುದು ಎಂದು ಸುಲ್ತಾನ ಸಾರುತ್ತಾನೆ. ಅಜೀಜ ಬ್ರಾಹ್ಮಣನ ವೇಷ ಹಾಕಿ ಸುಳ್ಳು ದೂರು ಕೊಟ್ಟು ಗೆಲ್ಲುತ್ತಾನೆ, ಪರಿಹಾರವಾಗಿ ಹಣವನ್ನೂ ಸರಕಾರಿ ಕೆಲಸವನ್ನೂ ಪಡೆಯುತ್ತಾನೆ! ಸುಲ್ತಾನನ ಒಂದೊಂದು ಒಳ್ಳೆಯ ಯೋಜನೆಯೂ ಅವನ ಕೈಯಲ್ಲಿ ಮೋಸದ ದಾರಿಯಾಗುತ್ತದೆ. ನಾಟಕ ನೋಡಿದವರಿಗೆ ಸುಲ್ತಾನನಷ್ಟೇ ಅಜೀಜನೂ ನೆನಪಿನಲ್ಲಿ ಉಳಿಯುತ್ತಾನೆ. ಹಳೆಯ ಚರಿತ್ರೆಗಳಲ್ಲಿ ಅರಸರ ಮಾತೇ ಹೆಚ್ಚು. ಅರಸನ ಆಜ್ಞೆ ಬೀದಿಗೆ ಬಂದಾಗ ಏನಾಯಿತು ಎಂಬುದನ್ನು ನಾಟಕಕಾರ ಊಹಿಸಬೇಕಾಗುತ್ತದೆ.

ಆಗಿನ ಪ್ರೇಕ್ಷಕರು ಈ ನಾಟಕದಲ್ಲಿ ತಮ್ಮ ಕಾಲವನ್ನೇ ಕಂಡರು. ಸ್ವಾತಂತ್ರ್ಯದ ಹೊಸದರಲ್ಲಿ ದೇಶ ದೊಡ್ಡ ಕನಸುಗಳನ್ನು ಕಂಡಿತ್ತು. ಅವುಗಳಲ್ಲಿ ಹಲವು ಏಕೆ ಈಡೇರಲಿಲ್ಲ ಎಂಬ ಪ್ರಶ್ನೆ ಎಲ್ಲರಲ್ಲೂ ಇತ್ತು. ನಾಟಕದಲ್ಲಿ ಯಾವ ಪ್ರಧಾನಿಯ ಹೆಸರೂ ಬರುವುದಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಬೆಂಗಳೂರಿನಲ್ಲಿ ಸಿ. ಆರ್. ಸಿಂಹ ಅವರು ತುಘಲಕನ ಪಾತ್ರದಿಂದ ಬಹಳ ಹೆಸರಾದರು.

1968ರಲ್ಲಿ ಇದೇ ಸುಲ್ತಾನ ತಮಿಳು ರಂಗಕ್ಕೂ ಬಂದ. ಚೋ ರಾಮಸ್ವಾಮಿ ಅವರ 'ಮುಹಮ್ಮದ್ ಬಿನ್ ತುಘಲಕ್' ನಗೆನಾಟಕ. ಸುಲ್ತಾನ ಗೋರಿಯಿಂದ ಜೀವಂತನಾಗಿ ಎದ್ದು ಬರುತ್ತಾನೆ, ಚುನಾವಣೆಗೆ ನಿಂತು ಗೆದ್ದು ದೇಶದ ಪ್ರಧಾನಿಯಾಗುತ್ತಾನೆ! ತನ್ನ ಕಡೆಗೆ ಪಕ್ಷ ಬದಲಿಸಿ ಬಂದವರಿಗೆಲ್ಲ ಉಪಪ್ರಧಾನಿ ಪದವಿ. ಯಾವುದು ದೇಶದ ಭಾಷೆಯಾಗಬೇಕು ಎಂದು ಜಗಳ ನಡೆಯುತ್ತಿದ್ದ ದಿನಗಳವು. ಈ ಪ್ರಧಾನಿ ಪರ್ಷಿಯನ್ ಭಾಷೆಯೇ ಇರಲಿ ಎಂದುಬಿಡುತ್ತಾನೆ. ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಯಾರನ್ನು ನೋಡಿ ನಗುತ್ತಿದ್ದೇವೆ ಎಂಬುದೂ ಅವರಿಗೆ ಗೊತ್ತಿತ್ತು. ಈ ನಾಟಕ 1971ರಲ್ಲಿ ಚಲನಚಿತ್ರವೂ ಆಯಿತು.

ಅವನು ನಿಜವಾದ ಸುಲ್ತಾನನಲ್ಲ, ಜನರ ಕಣ್ಣು ತೆರೆಸಲು ವೇಷ ಹಾಕಿದ ಒಬ್ಬ ಸಾಮಾನ್ಯ ಮನುಷ್ಯ ಎಂಬುದು ಆಮೇಲೆ ತಿಳಿಯುತ್ತದೆ. ಸಮಯ ಬಂದಾಗ ವೇಷ ಕಳಚಿ ನಿಜ ಹೇಳುವುದೆಂದು ಮೊದಲೇ ತೀರ್ಮಾನವಾಗಿತ್ತು. ಆದರೆ ಅಧಿಕಾರದ ರುಚಿ ಕಂಡ ಮೇಲೆ ಅವನು ವೇಷ ಕಳಚಲು ಒಪ್ಪುವುದಿಲ್ಲ. ಇತ್ತ ಕಾರ್ನಾಡರ ಸುಲ್ತಾನ ಕೊನೆಯ ದೃಶ್ಯದಲ್ಲಿ ಸಿಂಹಾಸನದ ಮೇಲೆಯೇ ನಿದ್ದೆಹೋಗುತ್ತಾನೆ. ಎಚ್ಚರವಾದಾಗ, ತಾನು ಎಲ್ಲಿದ್ದೇನೆ ಎಂದು ತಿಳಿಯದವನಂತೆ ಸುತ್ತಲೂ ನೋಡುತ್ತಾನೆ.