ಶರದೃತುವಿನ ಕೈತೋಟ: ಜೇನಿಗೊಂದು ದಾಸೋಹ

ಆಶ್ವಯುಜ, ಕಾರ್ತಿಕ ಮಾಸಗಳು ಶರದೃತು. ಮಳೆಗಾಲದಲ್ಲಿ ಸಂಚಿತವಾದ ಪಿತ್ತವು ಬಿಸಿಲಿಗೆ ಪ್ರಕೋಪಗೊಳ್ಳುವ ಕಾಲವಿದು. ವಾಗ್ಭಟಾಚಾರ್ಯರು ಈ ಋತುವಿನ ಪಥ್ಯದಲ್ಲಿ ಹೆಸರು, ನೆಲ್ಲಿ, ಪಟೋಲಗಳೊಂದಿಗೆ ಮಧುವನ್ನೂ ಹೇಳಿದ್ದಾರೆ. ಚೂರ್ಣಗಳಿಗೆ ಜೇನನ್ನೇ ಅನುಪಾನವಾಗಿ ಸೂಚಿಸುವ ನಾವು, ಆ ಜೇನಿಗೆ ಮೂಲವಾದ ಹೂವಿನ ಬಗೆಗೂ ಚಿಂತಿಸಬೇಕಲ್ಲವೇ?

ಸಿಂಗಾಪುರ, ಯಲಹಂಕದ ಸುತ್ತಲಿನ ಹೊಲಗಳಲ್ಲಿ ಹಿಂದೆ ರಾಗಿಯೇ ಮುಖ್ಯ ಬೆಳೆ. ಅದರ ನಡುವೆ ಅಕ್ಕಡಿ ಸಾಲುಗಳಲ್ಲಿ ಅವರೆ, ಸಾಸಿವೆ, ಹುಚ್ಚೆಳ್ಳು. ಮಳೆ ಹಿಂದೆಗೆಯುವ ಹೊತ್ತಿಗೆ ಹುಚ್ಚೆಳ್ಳು ಹಳದಿ ಹೂ ತಳೆಯುತ್ತಿತ್ತು. ಮಳೆಗಾಲದಲ್ಲಿ ಆಹಾರವಿಲ್ಲದೆ ಬಳಲಿದ ಜೇನುಕುಟುಂಬಗಳು ಅದರಿಂದ ಚೇತರಿಸಿಕೊಳ್ಳುತ್ತಿದ್ದವು. ಹೊಲಗಳು ಬಡಾವಣೆಗಳಾದಂತೆ ಆ ಸಾಲುಗಳು ಮರೆಯಾದವು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲನ್ನು ಅಳಿಸಿಹಾಕಿತ್ತು. ಹಸಿದ ದೇಹ ರೋಗವನ್ನು ತಾಳಲಾರದೆಂಬ ಮಾತು ಜೇನಿಗೂ ಸಲ್ಲುತ್ತದೆ.

ಆ ಅಕ್ಕಡಿ ಸಾಲನ್ನು ನಮ್ಮ ಅಂಗಳಕ್ಕೂ ತಾರಸಿಗೂ ತರಲು ಸಾಧ್ಯವಿದೆ. ಈಗಿನ ತೇವದಲ್ಲಿ ಸಾಸಿವೆ, ಕೊತ್ತಂಬರಿ ಬಿತ್ತಿದರೆ ಒಂದೂವರೆ, ಎರಡು ತಿಂಗಳಲ್ಲಿ ಹೂವಾಗುತ್ತವೆ. 15 ದಿನಗಳ ಅಂತರದಲ್ಲಿ ಮೂರು ಬಾರಿ ಬಿತ್ತಿದರೆ ಚಳಿಗಾಲದಲ್ಲಿ ಹೂವು ಒಮ್ಮೆಲೇ ಮುಗಿದುಹೋಗದು. ಎಲ್ಲವನ್ನೂ ಸೊಪ್ಪಿಗೆಂದು ಕೀಳದೆ ಕಾಲುಭಾಗವನ್ನಾದರೂ ಹೂವಿಗೆ ಬಿಡಬೇಕು. ತುಳಸಿ, ಕಾಮಕಸ್ತೂರಿಗಳ ತೆನೆಗಳನ್ನೆಲ್ಲ ಚಿವುಟಬಾರದು. ಶಿವಪೂಜೆಗೆ ಪ್ರಿಯವಾದ ತುಂಬೆಯನ್ನು ಕಳೆಯೆಂದು ಕಿತ್ತೆಸೆಯದಿದ್ದರೆ ಮಳೆಗಾಲದಲ್ಲಿಯೂ ಜೇನಿಗೆ ಆಸರೆಯಾಗುತ್ತದೆ. ಸ್ಥಳವುಳ್ಳವರು ಹೊಂಗೆ, ಬೇವು, ನೇರಳೆ, ನುಗ್ಗೆಯ ಸಸಿಗಳನ್ನು ಈಗಲೇ ನೆಟ್ಟರೆ ಬೇಸಿಗೆಗೆ ಮುನ್ನ ಬೇರೂರುತ್ತವೆ. ಮುಂದೆ ಇವು ಬೆಳೆದು ಬೇಸಿಗೆಯಲ್ಲಿ ಹೂ ನೀಡುತ್ತವೆ.

ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ಹರಡಿ ನೀರಿಡಿರಿ. ಕಲ್ಲಿಲ್ಲದಿದ್ದರೆ ಜೇನುನೊಣ ಮುಳುಗುತ್ತದೆ. ಹೂ ಬಿಟ್ಟ ಗಿಡಕ್ಕೆ ಕೀಟನಾಶಕ ಸಿಂಪಡಿಸಬೇಡಿರಿ. ಕಟ್ಟಡದ ಮೇಲೆ ಹೆಜ್ಜೇನು ಕಟ್ಟಿದರೆ ಬೆಂಕಿ, ವಿಷ ಸಲ್ಲದು. ಅದು ವಲಸೆ ಹೋಗುವ ಜೀವಿ. ಕೆಣಕದಿದ್ದರೆ ಕಾಲ ಬಂದಾಗ ತಾನೇ ತೆರಳುತ್ತದೆ. ಜನಸಂಚಾರವಿರುವ ಕಡೆ ಕಟ್ಟಿದ್ದರೆ ಬಲ್ಲವರನ್ನು ಕರೆಸಿರಿ. ಕಚ್ಚಿಸಿಕೊಂಡವರು ಮುಳ್ಳನ್ನು ತಡಮಾಡದೆ ತೆಗೆಯಬೇಕು. ಮುಖ ಊದಿ ಉಸಿರು ಕಟ್ಟಿದರೆ, ಅಥವಾ ಹಲವು ನೊಣಗಳು ಕಚ್ಚಿದ್ದರೆ, ಮನೆಮದ್ದಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಪೆಟ್ಟಿಗೆಯಲ್ಲಿ ಜೇನು ಸಾಕಬಯಸುವವರು ಸಮೀಪದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಜೇನುಕೃಷಿ ವಿಭಾಗವನ್ನು ವಿಚಾರಿಸಬಹುದು.

ಜೇನನ್ನು ಕಾಯಿಸಬಾರದು, ತುಪ್ಪದೊಂದಿಗೆ ಸಮಪ್ರಮಾಣದಲ್ಲಿ ಬೆರೆಸಬಾರದು, ಒಂದು ವರ್ಷ ತುಂಬದ ಶಿಶುವಿಗೆ ನೆಕ್ಕಿಸಬಾರದು ಎಂಬುದನ್ನೂ ನೆನಪಿಸುತ್ತೇವೆ.

ಹಸಿದು ಬಂದವರಿಗೆ ಅನ್ನವಿಡುವುದು ಶರಣರು ತೋರಿದ ದಾರಿ. ನಮ್ಮ ಅಂಗಳಕ್ಕೆ ಬರುವ ಜೇನುನೊಣವೂ ಹಸಿದೇ ಬಂದಿರುತ್ತದೆ. ಈ ಕಾರ್ತಿಕದಲ್ಲಿ ಮನೆಗೊಂದು ಕುಂಡವನ್ನಾದರೂ ಅದಕ್ಕಾಗಿ ಮೀಸಲಿಡೋಣ.